ಕೆರೆ ದಂಡೆಯಲ್ಲಿ ಕೂತು ನೋಡಿ, ಊರಿಗೆ ಬಂದು ಮಲಗಿ

ಗಾಡಿಯನ್ನೇ ಮನೆ ಮಾಡಿಕೊಂಡು ಗದಗ ಜಿಲ್ಲೆಯ ಕೆರೆಗಳಿಗೆ ಬರುವ ಗಂಡ-ಹೆಂಡತಿಯರಿಗೆಲ್ಲ,



ಈಚಿನ ಚಳಿಗಾಲಗಳಲ್ಲಿ ನಮ್ಮ ಕಡೆಯ ರಸ್ತೆಗಳಲ್ಲಿ ನಿಮ್ಮ ಗಾಡಿಗಳು ಕಾಣತೊಡಗಿವೆ. ಒಳಗೆ ಮಂಚ, ಒಲೆ. ಮೇಲೆ ಸೋಲಾರ್ ಹಲಗೆ. ಹಿಂದೆ ಎರಡು ಮಡಿಚುವ ಕುರ್ಚಿ. ನಂಬರ್ ಪ್ಲೇಟು ಒಮ್ಮೆ ಬೆಂಗಳೂರಿನದು, ಒಮ್ಮೆ ಪುಣೆಯದು. ಇಳಿಯುವವರು ಹೆಚ್ಚಾಗಿ ಇಬ್ಬರೇ. ಮಕ್ಕಳು ದೊಡ್ಡವರಾಗಿ ಅವರವರ ದಾರಿ ಹಿಡಿದವರು, ಇಲ್ಲವೆ ಇನ್ನೂ ಮಕ್ಕಳಿಲ್ಲದ, ಲ್ಯಾಪ್‌ಟಾಪಿನಲ್ಲೇ ಕೆಲಸ ಮುಗಿಸುವ ಹುಡುಗ-ಹುಡುಗಿಯರು. ಶಿರಹಟ್ಟಿಯ ಚಹಾದಂಗಡಿಯಲ್ಲಿ ಗಾಡಿ ನಿಲ್ಲಿಸಿ ನೀವು ಕೇಳುವ ಪ್ರಶ್ನೆ ಒಂದೇ: "ಮಾಗಡಿ ಕೆರೆ ಎಲ್ಲಿ? ರಾತ್ರಿ ಅಲ್ಲೇ ಇರಬಹುದಾ?"

ಮೊದಲನೆಯದಕ್ಕೆ ಯಾರು ಬೇಕಾದರೂ ದಾರಿ ತೋರಿಸುತ್ತಾರೆ. ಎರಡನೆಯದಕ್ಕೆ ಉತ್ತರ ಕೊಡಲು ಈ ಪತ್ರ. ಬೇಡ, ದಯವಿಟ್ಟು ರಾತ್ರಿ ಅಲ್ಲಿರಬೇಡಿ.

ನಾನು ಲಕ್ಷ್ಮೇಶ್ವರದವಳು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದೆ. ನಮ್ಮ ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಅವರಿಗೆ ಮನುಷ್ಯರ ಮಾತಿಗಿಂತ ಇಂಜಿನ್ನಿನ ಸದ್ದು ಬೇಗ ತಿಳಿಯುತ್ತದೆ. ನಿವೃತ್ತಿಯಾದ ಮೇಲೆ ಅವರು ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದರು. ಬೆಟಗೇರಿಯಿಂದ ಬಡಿಗೇರರು ಬಂದು ಸೀಟು ಕಿತ್ತು ಹಲಗೆಮಂಚ ಕೂಡಿಸಿದರು. ಆರ್‌ಟಿಓ ಕಚೇರಿಗೆ ಅಲೆದು ಕಾಗದಪತ್ರ ಸರಿಮಾಡಿಸಿಕೊಂಡದ್ದು ಗಾಡಿ ಕಟ್ಟಿದ್ದಕ್ಕಿಂತ ದೊಡ್ಡ ಕೆಲಸವಾಯಿತು. ನೀವೂ ಅದನ್ನು ಅನುಭವಿಸಿಯೇ ಇರುತ್ತೀರಿ. ಗಾಡಿ ಸಿದ್ಧವಾದ ಮೇಲೆ ಮಗ ಫೋನಿನಲ್ಲಿ "ಲಡಾಖ್‌ಗೆ ಹೋಗ್ರಿ" ಅಂದ. ಇವರು "ಲಡಾಖಿನ ಹಕ್ಕಿ ನಮ್ಮೂರಿಗೆ ಬರ್ತಾವಲ್ಲೋ, ನಾವ್ಯಾಕ ಹೋಗೋಣು" ಅಂದರು. ಹಾಗಾಗಿ ನಾವು ನಮ್ಮ ಜಿಲ್ಲೆಯನ್ನು ಬಿಟ್ಟು ಹೊರಗೆ ಹೋಗಲೇ ಇಲ್ಲ. ಚಳಿಗಾಲ ಬಂತೆಂದರೆ ಕೆರೆಯಿಂದ ಕೆರೆಗೆ, ಊರಿಂದ ಊರಿಗೆ, ಅವಸರವಿಲ್ಲದೆ ತಿರುಗುತ್ತೇವೆ. ಗಾಡಿ ಕಟ್ಟಿಕೊಂಡು ತಿರುಗುವವರ ಪೈಕಿಯೇ ಒಬ್ಬಳು ಈ ಪತ್ರ ಬರೆಯುತ್ತಿದ್ದಾಳೆ ಎಂದು ತಿಳಿದು ಓದಿ.

ಮಾಗಡಿ ಕೆರೆ ಗದಗದಿಂದ 26 ಕಿಲೋಮೀಟರು, ಲಕ್ಷ್ಮೇಶ್ವರದಿಂದ 11, ಶಿರಹಟ್ಟಿಯಿಂದ 8. ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲೆಂದು ಜನ ಕಟ್ಟಿದ ಕೆರೆ. ಹರವು 50 ಹೆಕ್ಟೇರಿನ ಆಸುಪಾಸು. ನಿಮ್ಮಲ್ಲಿ ಕೆಲವರಿಗೆ ಮೊದಲ ನೋಟಕ್ಕೆ ನಿರಾಸೆಯಾಗುವುದನ್ನು ಕಂಡಿದ್ದೇನೆ: "ಇಷ್ಟೇನಾ?" ಸುತ್ತ ಬೆಟ್ಟವಿಲ್ಲ, ದಟ್ಟ ಮರಗಳಿಲ್ಲ, ದೋಣಿ ಇಲ್ಲ. ಬಯಲು, ಹೊಲ, ಜಾಲಿಗಿಡ, ನಡುವೆ ನೀರು. ಆ ಬಯಲೇ ಅದರ ಬೆಲೆ. ಪಟ್ಟೆತಲೆ ಹೆಬ್ಬಾತುಗಳಿಗೆ ಬೇಕಾದದ್ದು ನಾಲ್ಕೂ ಕಡೆ ಕಣ್ಣು ಹಾಯುವ ತೆರೆದ ನೀರು, ಹತ್ತಿರದಲ್ಲೇ ಕಾಳಿನ ಹೊಲ. ಚಳಿಗಾಲದಲ್ಲಿ ಇಲ್ಲಿಗೆ ಸುಮಾರು 8,000 ಹೆಬ್ಬಾತುಗಳು ಬರುತ್ತವೆ ಎಂಬುದು ಸರ್ಕಾರದ ಅಂದಾಜು. ದಕ್ಷಿಣ ಭಾರತದಲ್ಲಿ ಅವು ಚಳಿಗಾಲ ಕಳೆಯುವ ಅತಿ ದೊಡ್ಡ ತಾಣಗಳಲ್ಲಿ ಇದೊಂದು. ಒಟ್ಟು 166 ಜಾತಿಯ ಹಕ್ಕಿಗಳು ಇಲ್ಲಿ ದಾಖಲಾಗಿವೆ. 2024ರ ಜನವರಿ 31ರಂದು ಅಘನಾಶಿನಿ ಅಳಿವೆ ಮತ್ತು ಅಂಕಸಮುದ್ರದ ಜೊತೆಗೆ ಮಾಗಡಿ ಕೆರೆಗೂ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್‌ಸರ್ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತೆಂಬ ಸುದ್ದಿ ಬಂತು. ಅದಕ್ಕೂ ಮೊದಲು ನಮ್ಮ ರಾಜ್ಯದಿಂದ ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಒಂದೇ. ಅಲ್ಲಿಂದೀಚೆಗೆ ಬರುವವರ ಸಂಖ್ಯೆ ಹೆಚ್ಚಿದೆ. ಬರಲಿ, ಸಂತೋಷ. ಊರಿನ ಹೆಸರು ಜಗತ್ತಿನ ಪಟ್ಟಿಯಲ್ಲಿ ಸೇರಿದಾಗ ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬಳು.

ಆದರೆ ಈ ಹೆಬ್ಬಾತುಗಳ ದಿನಚರಿ ಗೊತ್ತಿಲ್ಲದೆ ಬಂದರೆ ತೊಂದರೆ. ಬೂದು ಬಿಳುಪಿನ ಮೈ, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ತೂಕ ಎರಡರಿಂದ ಮೂರು ಕಿಲೋ. ಬೇಸಿಗೆಯಲ್ಲಿ ಮಂಗೋಲಿಯಾ, ಟಿಬೆಟ್, ಲಡಾಖಿನ ಎತ್ತರದ ಸರೋವರಗಳ ಬದಿಯಲ್ಲಿ ಮರಿ ಮಾಡುತ್ತವೆ. ಚಳಿ ಹೆಚ್ಚಿದಾಗ ಹಿಮಾಲಯ ದಾಟಿ ಈಚೆಗೆ ಬರುತ್ತವೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿಸಿಕೊಂಡ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ವಿಜ್ಞಾನಿಗಳು ಬೆನ್ನಿಗೆ ಸಣ್ಣ ಯಂತ್ರ ಕಟ್ಟಿ ನೋಡಿದಾಗ 7,000 ಮೀಟರಿಗೂ ಮೇಲೆ ಹಾರಿದ್ದು ಗೊತ್ತಾಯಿತು. ಅಷ್ಟು ಎತ್ತರದ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಡದೆ ಹಿಡಿಯುವಂಥ ರಕ್ತ ಅವುಗಳದ್ದು. ಪರ್ವತ ದಾಟಲು ಅವು ಹೆಚ್ಚಾಗಿ ಆರಿಸಿಕೊಳ್ಳುವುದು ರಾತ್ರಿ ಮತ್ತು ನಸುಕನ್ನು. ಆಗ ಗಾಳಿ ತಣ್ಣಗಿದ್ದು ಸಾಂದ್ರವಾಗಿರುತ್ತದೆ, ರೆಕ್ಕೆಗೆ ಸಿಗುತ್ತದೆ.

ಇಲ್ಲಿಗೆ ಬಂದ ಮೇಲೂ ಅವುಗಳ ಕೆಲಸದ ಹೊತ್ತು ರಾತ್ರಿಯೇ. ಹಗಲು ಕೆರೆಯ ನಡುವೆ ತೇಲುತ್ತ, ದಂಡೆಯ ಕೆಸರಿನಲ್ಲಿ ಒಂಟಿಕಾಲಲ್ಲಿ ನಿಂತು ತೂಕಡಿಸುತ್ತ ಇರುತ್ತವೆ. ಹೊತ್ತು ಮುಳುಗುವ ಸಮಯಕ್ಕೆ ಗುಂಪುಗುಂಪಾಗಿ ಎದ್ದು ಕಡಲೆ, ಶೇಂಗಾ, ಗೋಧಿಯ ಹೊಲಗಳ ಕಡೆ ಹೋಗುತ್ತವೆ. ಬೆಳಗಿನ ಹೊತ್ತಿಗೆ ಮರಳುತ್ತವೆ. ಮಾರ್ಚ್ ಒಳಗೆ ತಿರುಗಿ ಹಿಮಾಲಯ ಏರುವಷ್ಟು ಕೊಬ್ಬನ್ನು ಅವು ಮೈಯಲ್ಲಿ ಕೂಡಿಹಾಕಬೇಕು. ಸುಮ್ಮನೆ ಒಮ್ಮೆ ಬೆದರಿ ಎದ್ದು ಹಾರಿದರೂ ಆ ಗಂಟಿನಿಂದಲೇ ಖರ್ಚು. ಹಗಲು ನಿದ್ದೆ ಕೆಟ್ಟರೆ ಒಂದು ನಷ್ಟ, ಸಂಜೆ ಹೋಗುವ ದಾರಿ, ನಸುಕಿನಲ್ಲಿ ಇಳಿಯುವ ನೀರು ತಪ್ಪಿದರೆ ಇನ್ನೊಂದು.

ಒಂದು ಜನವರಿಯ ನಸುಕಿನಲ್ಲಿ ನಾವಿಬ್ಬರೂ ಪಕ್ಕದ ಊರಿನಿಂದ ನಡೆದು ಮಾಗಡಿ ಕೆರೆಗೆ ಹೋದೆವು. ಏರಿಯ ಮೇಲೆ ಗಾಡಿಯೊಂದು ಮೊದಲೇ ನಿಂತಿತ್ತು. ರಾತ್ರಿಯಿಡೀ ಅಲ್ಲೇ ಇದ್ದದ್ದು ಸುತ್ತಲಿನ ಬೂದಿ, ಬಾಟಲಿ ನೋಡಿದರೇ ತಿಳಿಯುತ್ತಿತ್ತು. ಗಾಡಿಯ ಅಂಚಿಗೆ ಬಣ್ಣದ ಸರದೀಪ, ಒಳಗೆ ಹಾಡು. ಹಾಡೇನೋ ಮೆಲ್ಲಗೇ ಇತ್ತು, ಆದರೆ ಬಯಲಿನ ನೀರಿನ ಮೇಲೆ ಮೆಲ್ಲಗಿನ ಹಾಡೂ ದೂರ ಹೋಗುತ್ತದೆ. ಪೂರ್ವ ಬೆಳ್ಳಗಾಗುವಾಗ ಹೊಲದ ಕಡೆಯಿಂದ ಹೆಬ್ಬಾತುಗಳ ದನಿ ಬಂತು. ಮೊದಲ ಸಾಲು ಕೆರೆಯ ಮೇಲೆ ಬಂದು, ಇಳಿಯಲು ಕಾಲು ಚಾಚಿ, ಮತ್ತೆ ರೆಕ್ಕೆ ಬಡಿದು ಮೇಲೆದ್ದಿತು. ಎರಡನೆಯ ಸಾಲೂ ಹಾಗೇ. ಸುತ್ತು ಹಾಕಿದವು, ಮತ್ತೆ ಸುತ್ತು ಹಾಕಿದವು. ಕೊನೆಗೆ ಕೆಲವು ಆಚೆ ದಂಡೆಯ ಮೂಲೆಯಲ್ಲಿ ಒತ್ತೊತ್ತಾಗಿ ಇಳಿದವು, ಉಳಿದವು ಶೆಟ್ಟಿಕೇರಿ ಕೆರೆಯ ದಿಕ್ಕಿಗೋ ಎಲ್ಲಿಗೋ ಹೊರಟುಹೋದವು. ಗಾಡಿಯಿಂದ ಇಳಿದ ಹುಡುಗಿ ಹಲ್ಲುಜ್ಜುತ್ತ ನನ್ನನ್ನು ಕೇಳಿದಳು: "ಆಂಟಿ, ಹಕ್ಕಿ ಯಾಕೆ ಇಷ್ಟು ದೂರ ಕೂತಿವೆ? ಫೋಟೋದಲ್ಲಿ ಹತ್ತಿರ ಇರುತ್ತಲ್ಲ?" ಒಳ್ಳೆಯ ಹುಡುಗಿ. ಸರದೀಪದ ವಿಷಯ ಹೇಳಿದೆ. ಕೂಡಲೇ ಹೋಗಿ ಆರಿಸಿದಳು. ಆಮೇಲೆ ಬಹಳ ಹೊತ್ತು ಪೇಚಾಡಿಕೊಂಡಳು. ಅವಳಿಗೆ ಯಾರಾದರೂ ಹಿಂದಿನ ಸಂಜೆಯೇ ಹೇಳಿದ್ದರೆ ಸಾಕಿತ್ತು. ನಿಮಗೆ ಈಗಲೇ ಹೇಳುತ್ತಿದ್ದೇನೆ.

ಹೊತ್ತು ಮುಳುಗುವ ಮೊದಲು ಏರಿಯಿಂದ ಗಾಡಿ ತೆಗೆಯಿರಿ. ನಸುಕಿನ ನೋಟ ಬೇಕಿದ್ದರೆ ಗಾಡಿಯನ್ನು ಊರಲ್ಲೇ ಬಿಟ್ಟು ನಡೆದು ಬನ್ನಿ; ಟಾರ್ಚನ್ನು ನೆಲಕ್ಕೆ ಹಿಡಿಯಿರಿ, ನೀರಿನ ಕಡೆಗೆ ಬೇಡ. ಜನರೇಟರ್ ಅಂತೂ ಬೇಡವೇ ಬೇಡ. ಡ್ರೋನ್ ತಂದಿದ್ದರೆ ಪೆಟ್ಟಿಗೆಯಲ್ಲೇ ಇರಲಿ. ಮೇಲಿನಿಂದ ಬರುವುದೆಲ್ಲ ಹೆಬ್ಬಾತಿಗೆ ಹದ್ದೇ, ಜೊತೆಗೆ ಈ ಕೆರೆ ಕಾನೂನಿನ ಪ್ರಕಾರ ಸಂರಕ್ಷಣಾ ಮೀಸಲು, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಂಥದ್ದೆಲ್ಲ ನಡೆಯುವುದಿಲ್ಲ. ಬಿಳಿ, ಕೆಂಪು ಅಂಗಿ ಬದಲು ಮಣ್ಣುಬಣ್ಣದ್ದು ಹಾಕಿಕೊಂಡು ಒಂದೇ ಕಡೆ ಕೂತರೆ ಒಂದು ತಾಸಿನಲ್ಲಿ ಅವೇ ಹತ್ತಿರ ಬರುತ್ತವೆ. ತಾಸುಗಟ್ಟಲೆ ಕೂರಲು ನಿಮಗೆ ಪುರುಸೊತ್ತಿದೆ; ಗಾಡಿ ಕಟ್ಟಿದ್ದೇ ಅದಕ್ಕಲ್ಲವೆ?

ಹಾಗಾದರೆ ರಾತ್ರಿ ಎಲ್ಲಿ? ಅದನ್ನೂ ಹೇಳುತ್ತೇನೆ. ನೀವು ಬರುವ ಮೊದಲೂ ನಮ್ಮ ಕಡೆ ಜನ ಗಾಡಿಯಲ್ಲೇ ಸಂಸಾರ ಕಟ್ಟಿಕೊಂಡು ಹೋಗುತ್ತಿದ್ದರು. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟರೆ ಕೊಲ್ಲಾರಿ ಬಂಡಿಗೆ ತಟ್ಟು ಕಟ್ಟಿ, ಒಳಗೆ ಹುಲ್ಲು ಹಾಸಿ, ರೊಟ್ಟಿಯ ಬುಟ್ಟಿ, ಚಟ್ನಿಪುಡಿ, ಹಾಸಿಗೆ, ಮಕ್ಕಳು, ಮುದುಕರು ಎಲ್ಲ ಅದರಲ್ಲೇ. ಈಗ ಬಂಡಿಯ ಜಾಗಕ್ಕೆ ಟ್ರ್ಯಾಕ್ಟರ್ ಟ್ರೇಲರ್ ಬಂದಿದೆ. ನನ್ನ ಅಜ್ಜಿ ಹೇಳುತ್ತಿದ್ದಳು: ಬಂಡಿ ಬಿಡುವ ಮೊದಲು ಹೊಲದವರನ್ನು ಕೇಳಬೇಕು, ಬಾವಿ ನೀರು ಸೇದುವ ಮೊದಲು ಊರವರನ್ನು ಕೇಳಬೇಕು, ಒಲೆಗುಂಡು ಹೂಡಿದ ಜಾಗವನ್ನು ಹೊರಡುವಾಗ ಬಳಿದು ಹೋಗಬೇಕು. ಕೇಳಿದವರಿಗೆ ಯಾರೂ ಇಲ್ಲ ಅನ್ನುತ್ತಿರಲಿಲ್ಲವಂತೆ. ಈಗಲೂ ಅನ್ನುವುದಿಲ್ಲ, ನಾವು ನೋಡಿದ್ದೇವೆ. ಸುಗ್ಗಿ ಮುಗಿದ ಕಣ, ಶಾಲೆಯ ಹತ್ತಿರದ ಬಯಲು, ಮಠದ ಹೊರ ಆವರಣ, ಪೆಟ್ರೋಲ್ ಬಂಕಿನ ಒಂದು ಬದಿ, ಯಾರದೋ ಮನೆಯ ಹಿತ್ತಲು: ನಮಗೆ ಜಾಗ ಸಿಗದ ರಾತ್ರಿ ಇಲ್ಲ. ಕೇಳಿದ ಮೇಲೆ "ಬರ್ರಿ ಅಕ್ಕಾರ, ಇಲ್ಲೇ ನಿಂದರಸ್ರಿ" ಅನ್ನುತ್ತಾರೆ. ಅರ್ಧ ತಾಸಿಗೆ ಚಹಾ ಬರುತ್ತದೆ. ಒಂದು ತಾಸಿಗೆ ಗಾಡಿಯೊಳಗನ್ನು ನೋಡಲು ಓಣಿಯ ಮಕ್ಕಳೆಲ್ಲ ಬರುತ್ತಾರೆ. ಅದು ನಿಮಗೆ ಕಿರಿಕಿರಿಯಾದರೆ ಲಕ್ಷ್ಮೇಶ್ವರದಲ್ಲೋ ಗದಗದಲ್ಲೋ ಲಾಡ್ಜ್ ಇದೆ, ಅಂಗಳದಲ್ಲಿ ಗಾಡಿ ನಿಲ್ಲಿಸಿ ಬಾಡಿಗೆ ಕೊಡಿ.

ಎರೆಭೂಮಿಯ ಬಗ್ಗೆ ಒಂದು ಎಚ್ಚರಿಕೆ. ಇದು ನಮ್ಮ ಮೆಕ್ಯಾನಿಕ್‌ರದ್ದು. ಒಣಗಿದಾಗ ಕಲ್ಲಿನಂತೆ ಕಾಣುವ ಕರಿಮಣ್ಣು ಒಂದು ಹದ ಮಳೆಗೆ ಬೆಣ್ಣೆಯಾಗುತ್ತದೆ. ನವೆಂಬರಿನಲ್ಲಿ ಮೋಡ ಕವಿದಿದ್ದರೆ ಗಟ್ಟಿ ರಸ್ತೆ ಬಿಟ್ಟು ಗಾಲಿ ಇಳಿಸಬೇಡಿ. ಎರೆಯಲ್ಲಿ ಹೂತ ಮೂರು ಟನ್ನಿನ ಗಾಡಿಯನ್ನು ಎಳೆಯಲು ಬರುವ ಟ್ರ್ಯಾಕ್ಟರ್ ಹಿಂಗಾರಿ ಬಿತ್ತನೆ ಬಿಟ್ಟು ಬರಬೇಕು. ಬಂದವರು ದುಡ್ಡು ಬೇಡ ಅನ್ನುತ್ತಾರೆ, ನೀವು ಕೊಡದೆ ಬಿಡಬೇಡಿ.

ಈಗ ಸ್ವಲ್ಪ ಮುಜುಗರದ ಮಾತು. ಬರೆಯುವವಳು ಹೆಂಗಸಾದ್ದರಿಂದ ಬರೆದೇಬಿಡುತ್ತೇನೆ. ಕೆರೆ ದಂಡೆಯಲ್ಲಿ ಇರುಳು ಕಳೆಯುವ ಬಹಳ ಗಾಡಿಗಳಲ್ಲಿ ಶೌಚದ ವ್ಯವಸ್ಥೆ ಇರುವುದಿಲ್ಲ; ಇದ್ದರೂ ಆ ಡಬ್ಬಿಯನ್ನು ಎಲ್ಲಿ ಖಾಲಿ ಮಾಡಬೇಕೆಂದು ಗೊತ್ತಿರುವುದಿಲ್ಲ. ಬೆಳಗಾಗುವ ಮೊದಲು ಗಿಡದ ಮರೆ ಹುಡುಕುವ ಕಷ್ಟ ಈ ಊರುಗಳ ಹೆಣ್ಣುಮಕ್ಕಳಿಗೆ ತಲೆಮಾರುಗಳಿಂದ ಗೊತ್ತು. ಆ ಮರೆಯೂ ಈಗ ಕಡಿಮೆಯಾಗಿದೆ. ನೀವು ಅಲ್ಲಿ ಗಾಡಿ ನಿಲ್ಲಿಸಿ, ಕುರ್ಚಿ ಹಾಕಿ, ಕ್ಯಾಮೆರಾ ಹೂಡಿದರೆ ಎಮ್ಮೆ ಮೈತೊಳೆಯಲು, ಬಟ್ಟೆ ಒಗೆಯಲು ನೀರಿಗೆ ಬರುವ ಹೆಂಗಸರು ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಅವರ ಫೋಟೋ ತೆಗೆಯಬೇಡಿ, ಕೇಳದೆ ಖಂಡಿತ ಬೇಡ. ಡಬ್ಬಿಯ ಹೊಲಸನ್ನು ಊರಿನ ಸಾರ್ವಜನಿಕ ಶೌಚಾಲಯಕ್ಕೆ ಹಾಕಿ, ಅಲ್ಲಿ ನೋಡಿಕೊಳ್ಳುವವರಿಗೆ ತಿಳಿಸಿ, ಕೈಗೆ ಏನಾದರೂ ಕೊಟ್ಟು ಹಾಕಿ. ಪಾತ್ರೆ ತೊಳೆದ ಸೋಪಿನ ನೀರನ್ನೂ ಕೆರೆಯಂಗಳಕ್ಕೆ ಬಿಡಬೇಡಿ. "ಒಂದು ಬಕೆಟ್ಟು ತಾನೆ" ಅನ್ನಿಸಬಹುದು. ಆ ನೀರು ಹೊರಗೆ ಹರಿದುಹೋಗುವ ಹೊಳೆಯದಲ್ಲ, ನಿಂತ ನೀರು. ಬೇಸಿಗೆಗೆ ಅದು ಬತ್ತುತ್ತ ಬಂದಷ್ಟೂ ಅದರಲ್ಲಿರುವುದೆಲ್ಲ ಗಟ್ಟಿಯಾಗುತ್ತದೆ.

ನೀರಿನ ಮಾತು ಬಂದಿತಲ್ಲ, ಇದು ನೀರು ಎಣಿಸಿ ಬದುಕುವ ನಾಡು. ಗದಗ-ಬೆಟಗೇರಿಯ ಓಣಿಗಳಲ್ಲಿ ನಲ್ಲಿ ನೀರು ವಾರ ದಾಟಿ ಬಂದದ್ದೂ ಉಂಟು. ಬಂದ ದಿನ ಮದುವೆ ಮನೆಯ ಗದ್ದಲ. ಕೊಡ, ಬ್ಯಾರೆಲ್, ಸಿಂಟೆಕ್ಸ್, ತಾಮ್ರದ ಹಂಡೆ, ಕೊನೆಗೆ ಅಡುಗೆಮನೆಯ ಪಾತ್ರೆಗಳೂ ತುಂಬುತ್ತವೆ. ಅಂಥ ಮನೆಯ ಮುಂದೆ ಪೈಪು ಹಿಡಿದು "ನೂರು ಲೀಟರ್ ಹಾಕಿಸಿಕೊಳ್ಳಬಹುದಾ" ಎಂದು ಕೇಳಿದರೆ ಇಲ್ಲ ಅನ್ನಲು ನಾಚಿ ಕೊಡುತ್ತಾರೆ. ಕೇಳಬೇಡಿ. ಹೆಚ್ಚಿನ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿದೆ, ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಕುಡಿಯಲು ಅದನ್ನೇ ಬಳಸಿ. ಮುಂಡರಗಿ ಕಡೆಯ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಉಳಿದ ಬಳಕೆಗೆ ಕಡಿಮೆ ನೀರಿನಲ್ಲಿ ಮುಗಿಸುವುದನ್ನು ರೂಢಿ ಮಾಡಿಕೊಳ್ಳಿ. ನಾನು ತಂಬಿಗೆ ಲೆಕ್ಕದಲ್ಲಿ ಸ್ನಾನ ಮಾಡುತ್ತೇನೆ. ಇವರು ಸ್ನಾನವನ್ನೇ ಮುಂದಕ್ಕೆ ಹಾಕುತ್ತಾರೆ.

ರೈತರನ್ನು ಮರೆತರೆ ಈ ಪತ್ರ ಅರ್ಧವಾಗುತ್ತದೆ. ನೀವು ದುರ್ಬೀನಿನಲ್ಲಿ ನೋಡಿ ಖುಷಿಪಡುವ ಅದೇ ಹೆಬ್ಬಾತುಗಳ ಹಿಂಡು ರಾತ್ರಿ ಯಾರದೋ ಕಡಲೆ ಹೊಲದಲ್ಲಿ ಇಳಿದಿರುತ್ತದೆ. ಎಳೆ ಸಸಿಯನ್ನು ತುದಿಯಿಂದ ಚಿವುಟಿ ತಿನ್ನುತ್ತವೆ. ಹೊಲದವರಿಗೆ ಸಿಟ್ಟಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಬೀಜ, ಗೊಬ್ಬರ, ಆಳಿನ ಕೂಲಿ ಎಲ್ಲ ಅವರ ಗಂಟಿನಿಂದಲೇ ಹೋಗುತ್ತದೆ. ಆದರೂ ಕಲ್ಲೆಸೆಯುವವರು, ಬಲೆ ಹಾಕುವವರು ನಮಗೆ ಕಂಡಿಲ್ಲ. ಕೆರೆಯ ಹತ್ತಿರ ಹೊಲವಿರುವ ಹಿರಿಯರೊಬ್ಬರನ್ನು ನಷ್ಟ ಹೇಗೆ ತಡೆದುಕೊಳ್ಳುತ್ತೀರಿ ಎಂದು ಕೇಳಿದೆ. "ಬೀಗರಿದ್ದಂಗರಿ ಬಾಯಾರ, ವರ್ಷಕ್ಕೊಮ್ಮಿ ಬರ್ತಾವ, ಉಣ್ಣಾಕ ಇಲ್ಲ ಅನ್ನಾಕ ಬರತೈತೇನು? ಒಂದೀಟು ಗೊಬ್ಬರಾನೂ ಹಾಕಿ ಹೋಗ್ತಾವ" ಎಂದು ನಕ್ಕರು. ನಗು ದೊಡ್ಡದಿತ್ತು, ಕಡಲೆ ಹೊಲದ ಆ ಮೂಲೆ ಮಾತ್ರ ಬೋಳಾಗಿತ್ತು. ಆದ್ದರಿಂದ ನೀವು ಬಂದಾಗ ಖರ್ಚು ಮಾಡುವ ಹಣ ಈ ಊರುಗಳಲ್ಲೇ ಬೀಳಲಿ. ಹುಬ್ಬಳ್ಳಿಯ ಮಾಲ್‌ನಿಂದ ತಿಂಗಳ ಸಾಮಾನು ತುಂಬಿಕೊಂಡು ಬರಬೇಡಿ. ಉಳ್ಳಾಗಡ್ಡಿ, ಬದನೆಕಾಯಿ, ಮೊಸರು, ಶೇಂಗಾ ಚಟ್ನಿ, ಖಡಕ್ ರೊಟ್ಟಿ ಎಲ್ಲ ಇಲ್ಲಿಯ ಸಂತೆಯಲ್ಲಿ, ಖಾನಾವಳಿಯಲ್ಲಿ, ಮನೆಯಲ್ಲಿ ರೊಟ್ಟಿ ಬಡಿದು ಮಾರುವ ಹೆಂಗಸರಲ್ಲಿ ಸಿಗುತ್ತದೆ. ಹೊಲದ ಬದುವಿನಲ್ಲಿ ಹೋಗುವಾಗ ಬೆಳೆ ತುಳಿಯಬೇಡಿ. ಫೋಟೋಕ್ಕಾಗಿ ಹಕ್ಕಿ ಎಬ್ಬಿಸಿ ಹೊಲಕ್ಕೆ ಅಟ್ಟಬೇಡಿ.

ಇಷ್ಟೆಲ್ಲ ಬೇಡ-ಬೇಡ ಕೇಳಿ ಬೇಸರವಾಗಿರಬಹುದು. ನಮ್ಮ ಜಿಲ್ಲೆಯಲ್ಲಿ ಗಾಡಿ ಹಿಡಿದು ನಿಧಾನವಾಗಿ ತಿರುಗುವ ಸುಖವನ್ನೂ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಕೆರೆ ನೋಡಿ, ಫೋಟೋ ತೆಗೆದು, ಮರುದಿನ ಹಂಪಿಗೆ ಓಡುತ್ತೀರಿ. ಹಂಪಿ ಎಲ್ಲಿಗೂ ಹೋಗುವುದಿಲ್ಲ. ಹಗಲು ಹೆಬ್ಬಾತು ಮಲಗಿರುವ ಹೊತ್ತಿಗೆ ನಮ್ಮ ಲಕ್ಷ್ಮೇಶ್ವರಕ್ಕೆ ಬನ್ನಿ. ಕವಿರಾಜಮಾರ್ಗ ತಿರುಳ್ಗನ್ನಡದ ಊರುಗಳೆಂದು ಹೆಸರಿಸಿದ ನಾಲ್ಕರಲ್ಲಿ ಪುಲಿಗೆರೆ ಒಂದು. ಅದೇ ಈ ಊರು. ಸೋಮೇಶ್ವರ ಗುಡಿಯಲ್ಲಿ ಶಿವ-ಪಾರ್ವತಿಯರು ನಂದಿಯ ಮೇಲೆ ಕೂತಿರುವ ಮೂರ್ತಿಯಿದೆ, ಅಪರೂಪದ್ದು. ಇನ್ಫೋಸಿಸ್ ಪ್ರತಿಷ್ಠಾನ ಗುಡಿಯ ಜೀರ್ಣೋದ್ಧಾರ ಮಾಡಿಸಿದ ಮೇಲೆ ಆವರಣ ಚೊಕ್ಕವಾಗಿದೆ. ಗರ್ಭಗುಡಿ ನೋಡಿ ಹೊರಟುಬಿಡಬೇಡಿ, ಹಿಂದಿನ ಮೆಟ್ಟಿಲುಬಾವಿಯ ಹತ್ತಿರ ಕೂಡ್ರಿ. ಮಧ್ಯಾಹ್ನ ಹನ್ನೆರಡಕ್ಕೂ ಅಲ್ಲಿ ತಂಪು. ಶಂಖ ಬಸದಿಯ ಸಹಸ್ರಕೂಟ ಜಿನಬಿಂಬವನ್ನು ನೋಡಲು ಅರ್ಧ ತಾಸು ಇಟ್ಟುಕೊಳ್ಳಿ, ಬೆರಳುಗಾತ್ರದ ಆ ತೀರ್ಥಂಕರರ ಸಾಲುಗಳಿಗೆ ಕಣ್ಣು ಒಗ್ಗಲು ಹೊತ್ತು ಬೇಕು. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂ, ಮುಸಲ್ಮಾನರಿಬ್ಬರೂ ನಡೆದುಕೊಳ್ಳುತ್ತಾರೆ. ಅಲ್ಲಿ ಪ್ರಸಾದದ ಹೊತ್ತಿಗೆ ಹೋದರೆ ಊಟ ಮಾಡಿಸದೆ ಬಿಡುವುದಿಲ್ಲ.

ಡಂಬಳಕ್ಕೆ ಒಂದು ದಿನ ಸಾಲದು. ದೊಡ್ಡಬಸಪ್ಪನ ಗುಡಿಯ ತಳವಿನ್ಯಾಸ ಇಪ್ಪತ್ತನಾಲ್ಕು ಮೂಲೆಯ ನಕ್ಷತ್ರ. ಗೋಡೆಯ ಸುತ್ತ ನಡೆದರೆ ನೆರಳು ಹೆಜ್ಜೆಗೊಂದು ಕಡೆ ಮುರಿಯುತ್ತ ಹೋಗುತ್ತದೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿದರೆ ಬೇರೆ ಬೇರೆ ಗುಡಿ ನೋಡಿದ ಹಾಗಾಗುತ್ತದೆ. 1095ರ ಶಾಸನವೊಂದು ಇಲ್ಲಿ ವರ್ತಕರು ಕಟ್ಟಿಸಿದ ಬೌದ್ಧ ವಿಹಾರವನ್ನೂ ತಾರಾದೇವಿಯನ್ನೂ ಹೇಳುತ್ತದೆ. ನಾನು ಪಾಠ ಮಾಡುವಾಗ ಅಶೋಕ, ಸಾಂಚಿ ಎಂದು ಹೇಳಿ ಮುಗಿಸುತ್ತಿದ್ದ ಧರ್ಮ ಇಪ್ಪತ್ತು-ಮೂವತ್ತು ಮೈಲಿಯ ಒಳಗೇ ಇತ್ತು! ಊರಿನ ಕೆರೆಯನ್ನು ವಿಕ್ಟೋರಿಯಾ ಕೆರೆ ಅನ್ನುತ್ತಾರೆ. ಅಲ್ಲೂ ಹಕ್ಕಿಗಳಿವೆ, ಅಲ್ಲೂ ಇದೇ ಮಾತು: ದಂಡೆ ಹಗಲಿಗೆ, ರಾತ್ರಿಗೆ ಊರು.

ಅಲ್ಲಿಂದ ಕಪ್ಪತಗುಡ್ಡ. 2019ರಲ್ಲಿ ವನ್ಯಜೀವಿ ಧಾಮವಾಗಿ ಘೋಷಣೆಯಾದ, ಸುಮಾರು 244 ಚದರ ಕಿಲೋಮೀಟರಿನ ಕುರುಚಲು ಕಾಡು. ಗಿಡಮೂಲಿಕೆಗೆ ಹೆಸರಾದದ್ದು, ತೋಳ ಮತ್ತು ಕತ್ತೆಕಿರುಬದ ನೆಲೆ. ಗಣಿಗಾರಿಕೆಯ ಕಣ್ಣು ಬಿದ್ದಾಗ ಗದಗದ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಮುಂದೆ ನಿಂತು, ಜನ ಬೀದಿಗಿಳಿದು ಉಳಿಸಿಕೊಂಡ ಗುಡ್ಡ ಇದು. ಒಳಗೆ ರಾತ್ರಿ ಉಳಿಯುವ ಆಸೆ ಬೇಡ. ಗಾಳಿಗುಂಡಿ ಬಸವಣ್ಣನ ಕಡೆ ಹೋದರೆ ಗಾಳಿ ನಿಮ್ಮ ಗಾಡಿಯನ್ನೇ ತೊನೆದಾಡಿಸುತ್ತದೆ. ನಮ್ಮ ಡೇರೆ ಬಟ್ಟೆ ಅಲ್ಲೇ ಹರಿಯಿತು.

ಮುಂಡರಗಿ ದಾಟಿ ಹಮ್ಮಿಗಿಗೆ ಹೋದರೆ ತುಂಗಭದ್ರೆಗೆ ಕಟ್ಟಿದ ಬ್ಯಾರೇಜು, ಸಿಂಗಟಾಲೂರು ಏತ ನೀರಾವರಿಯದು. ಹಿನ್ನೀರಿನ ಹರವು ಸಮುದ್ರದ ಹಾಗೆ. ನಮ್ಮಿಬ್ಬರಿಗೂ ಇಡೀ ಜಿಲ್ಲೆಯಲ್ಲಿ ಹೆಚ್ಚು ಹೊತ್ತು ಕೂರಬೇಕೆನಿಸುವ ಜಾಗ ಅದು. ಇವರು ಗೇಟಿನ ಯಂತ್ರ ಹೇಗೆ ಎತ್ತುತ್ತದೆಂದು ವಿವರಿಸುತ್ತಾರೆ, ನಾನು ಕೇಳಿದಂತೆ ಮಾಡುತ್ತೇನೆ. ಆ ನೀರಿಗಾಗಿ ಗುಮ್ಮಗೋಳ, ಬಿದರಹಳ್ಳಿ, ವಿಠಲಾಪುರದ ಜನ ಮನೆಮಠ ಬಿಟ್ಟು ಬೇರೆ ಕಡೆ ಹೋಗಬೇಕಾಯಿತು ಎಂಬುದನ್ನು ಅಲ್ಲಿಯ ಮೀನುಗಾರರು, ಕುರಿಯವರು ಹೇಳುತ್ತಾರೆ. ಕೇಳಿಸಿಕೊಳ್ಳಿ. "ಎಷ್ಟು ಚೆಂದದ ವ್ಯೂ" ಎಂದು ಅವರ ಮುಂದೆ ಹೇಳಬೇಡಿ.

ಇನ್ನೊಂದು ಮನವಿ ಇದೆ, ಇದು ನಾಳೆಯದು. ರಾಜ್ಯದ 2020-26ರ ಪ್ರವಾಸೋದ್ಯಮ ನೀತಿಯಲ್ಲಿ ಕಾರವಾನ್ ಪ್ರವಾಸದ ಮಾತಿತ್ತು. ಕೇರಳ 2021ರಲ್ಲಿ ಕಾರವಾನ್‌ಗಾಗಿಯೇ ಯೋಜನೆ ಪ್ರಕಟಿಸಿ, ವಾಗಮಣ್‌ನಲ್ಲಿ ಗಾಡಿಗಳು ತಂಗುವ ಪಾರ್ಕನ್ನೂ ಕಂಡಿತು. ನಮ್ಮಲ್ಲೂ ಇಂದಲ್ಲ ನಾಳೆ ಅಧಿಕಾರಿಗಳು ನಿಮ್ಮನ್ನೇ ಕೇಳುತ್ತಾರೆ: "ಏನು ಸೌಲಭ್ಯ ಬೇಕು?" ಆಗ ಥಟ್ಟನೆ "ಕೆರೆ ಪಕ್ಕದಲ್ಲಿ ಕರೆಂಟು, ನೀರು, ಲೈಟು, ಸಾಲಾಗಿ ನಿಲ್ಲಿಸಲು ಕಾಂಕ್ರೀಟ್ ಕಟ್ಟೆ" ಅನ್ನಬೇಡಿ. ಹಾಗೆ ಕಟ್ಟಿದರೆ ನೀವು ನೋಡಲು ಬಂದದ್ದೇ ಹೊರಟುಹೋಗುತ್ತದೆ. ಲಕ್ಷ್ಮೇಶ್ವರ ಅಥವಾ ಶಿರಹಟ್ಟಿ ಪೇಟೆಯೊಳಗೆ ಗಾಡಿ ನಿಲ್ಲಿಸುವ ಒಂದು ಅಂಗಳ ಕೇಳಿ, ಹೊಲಸು ಖಾಲಿ ಮಾಡುವ ಒಂದು ಗುಂಡಿ ಕೇಳಿ, ಹೆಂಗಸರಿಗೆ ಬೀಗ ಹಾಕಲು ಬರುವ ಶೌಚಾಲಯ ಕೇಳಿ, ಅಲ್ಲಿಂದ ಕೆರೆಗೆ ನಸುಕಿನಲ್ಲಿ ಹೋಗಿ ಬರಲು ಊರಿನ ಹುಡುಗರು ಓಡಿಸುವ ಬಾಡಿಗೆ ಸೈಕಲ್ಲು ಕೇಳಿ. ಹೆಬ್ಬಾತು ಮೇಯುವ ಹೊಲದವರಿಗೆ ಬೆಳೆ ಪರಿಹಾರ ಕೊಡಿ ಎಂದೂ ಒಂದು ಸಾಲು ಬರೆಯಿರಿ. ಹೊರಗಿನಿಂದ ಬಂದವರ ಮಾತಿಗೆ ಕಚೇರಿಗಳಲ್ಲಿ ನಮ್ಮ ಮಾತಿಗಿಂತ ತೂಕ ಹೆಚ್ಚು. ಅದನ್ನು ನಮ್ಮ ಪರವಾಗಿ ಬಳಸಿ.

ಬರುವವರು ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಮೊದಲ ವಾರದೊಳಗೆ ಬನ್ನಿ. ಜನವರಿಯಾದರೆ ಹೊಲದಲ್ಲಿ ಸೀತನಿ ಸುಡುತ್ತಿರುತ್ತಾರೆ, ಸಂತೆಯಲ್ಲಿ ಸುಲಗಾಯಿಯ ಕಟ್ಟು ಬಂದಿರುತ್ತದೆ. ಹೊಲದಿಂದ ನೀವೇ ಕಿತ್ತುಕೊಳ್ಳದೆ ಕೊಂಡು ತಿನ್ನಿ. ರಾತ್ರಿ ಚಳಿ ಬಯಲಲ್ಲಿ ಜಾಸ್ತಿ, ಕೌದಿ ಇಲ್ಲದಿದ್ದರೆ ಇಲ್ಲೇ ಹೊಲಿದು ಮಾರುವವರಿದ್ದಾರೆ. ನೀರಿನ ಘಟಕಕ್ಕೆ ಚಿಲ್ಲರೆ ನಾಣ್ಯಗಳನ್ನು ಒಂದು ಡಬ್ಬಿಯಲ್ಲಿ ಇಟ್ಟುಕೊಂಡಿರಿ. ಲಕ್ಷ್ಮೇಶ್ವರದಲ್ಲಿ ಗಾಡಿ ಕೆಟ್ಟರೆ ಗ್ಯಾರೇಜಿನವರನ್ನು "ನಿವೃತ್ತ ಡಿಪೋ ಮೆಕ್ಯಾನಿಕ್ ಯಾರಾದರೂ ಇದ್ದಾರೇನು" ಎಂದು ವಿಚಾರಿಸಿ. ನಮ್ಮ ಮನೆಯವರಿಗೆ ಕರೆಯುವ ತನಕವೂ ತಡೆಯುವುದಿಲ್ಲ, ಕೈಯಲ್ಲಿ ಪಾನಾ ಹಿಡಿದೇ ಬರುತ್ತಾರೆ.

ಇತಿ ತಮ್ಮ ವಿಶ್ವಾಸಿ,

ಗಾಡಿಯಲ್ಲಿ ತಿರುಗುವ ಒಬ್ಬ ನಿವೃತ್ತ ಶಿಕ್ಷಕಿ
ಲಕ್ಷ್ಮೇಶ್ವರ, ಗದಗ ಜಿಲ್ಲೆ